ಮೊದಲ ಇಂಚಿಲ್ಲದ ಟೇಪು

“ಅಯ್ಯೋ ಅಮ್ಮ, ನಾನೇನು ಕನಸು ಕಂಡು ಹೇಳ್ತಿದೀನಾ? ಅತ್ತೆನೇ ಹೇಳಿದ್ದು. ಅತ್ತೇದೇ ಮದುವೆ. ಶುಕ್ರವಾರ ಹತ್ತು ಗಂಟೆಗೆ, ನೋಂದಣಿ ಕಚೇರೀಲಿ. ನೀರಿನ ಮೀಟರ್ ನೋಡೋಕೆ ಬರ್ತಾರಲ್ಲ, ಅವರ ಜೊತೆ.”

ಅಮ್ಮನ ಬಾಯಿ ತುಂಬ ಪೇಸ್ಟಿನ ನೊರೆ ಇತ್ತು, ಹಾಗಾಗಿ ಅವಳು ಕಣ್ಣಲ್ಲೇ ಮಾತಾಡಬೇಕಾಯಿತು. ಪಕ್ಕದಲ್ಲಿ ಕನ್ನಡಿಯ ಮುಂದೆ ಗಡ್ಡ ಬೋಳಿಸಿಕೊಳ್ಳುತ್ತಿದ್ದ ಅಪ್ಪನ ಕಡೆಯಿಂದ ‘ಸ್ಸ್’ ಎಂದು ಸದ್ದು ಬಂತು. ತಿರುಗಿ ನೋಡಿದರೆ ಗಲ್ಲದ ಮೇಲೆ ಸಣ್ಣದೊಂದು ಕೆಂಪು ಗೆರೆ.

ಊಟದ ಹೊತ್ತಿನವರೆಗೆ ಬಾಯಿಗೆ ಬೀಗ ಹಾಕಿಕೊಂಡಿರು, ಅಣ್ಣನಿಗೆ ನಾನೇ ಹೇಳುತ್ತೇನೆ ಎಂದು ಅತ್ತೆ ಕೈ ಹಿಡಿದು ಹೇಳಿ ಸರಿಯಾಗಿ ಹನ್ನೊಂದು ನಿಮಿಷ ಆಗಿತ್ತು. ಹನ್ನೊಂದು ನಿಮಿಷ ಹಿಡಿದಿಟ್ಟುಕೊಂಡಿದ್ದೇ ದೊಡ್ಡದು ಎಂದು ಆ ಹುಡುಗಿಗೆ ಅನಿಸಿತು. ಚಿಕ್ಕಂದಿನಿಂದ ಕಂಡಕಂಡವರ ಕಿವಿಯ ಹತ್ತಿರ ಹೋಗಿ ಗುಂಯ್ಯೆಂದು ಗುಟ್ಟು ಹೇಳುತ್ತಿದ್ದಳೆಂದು ಮನೆಯವರೆಲ್ಲ ಅವಳಿಗಿಟ್ಟ ಹೆಸರು ಸೊಳ್ಳೆ. ಹತ್ತೊಂಬತ್ತು ತುಂಬಿ ಕಾಲೇಜು ಸೇರಿದ ಮೇಲೂ ಹೆಸರು ಬಿಡಲಿಲ್ಲ, ಗುಣವೂ ಬಿಡಲಿಲ್ಲ.

ಅಪ್ಪ ಗಲ್ಲಕ್ಕೆ ಕಾಗದದ ಚೂರು ಅಂಟಿಸಿಕೊಂಡು ಕೆಳಗಿಳಿದ. ಸೊಳ್ಳೆ ಹಿಂದೆಯೇ ಇಳಿದಳು.

ಮೇಲೆ ಎರಡು ಕೋಣೆ, ಕೆಳಗೆ ಹೊಲಿಗೆ ಅಂಗಡಿ. ಸೊಳ್ಳೆ ಹುಟ್ಟಿದ್ದೂ ಇಲ್ಲೇ, ಹಲ್ಲು ಬಿದ್ದಿದ್ದೂ ಇಲ್ಲೇ. ಅವಳಿಗೆ ಎಂಟು ವರ್ಷವಿದ್ದಾಗ ಅಪ್ಪನಿಗೆ ದೂರದ ದೊಡ್ಡ ಊರಿನ ಗೋದಾಮಿನ ಕಚೇರಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿ, ಅಜ್ಜಿ, ಅಜ್ಜಿಯ ಔಷಧಿ ಎಲ್ಲ ಅತ್ತೆಯ ಪಾಲಿಗೆ ಉಳಿಯಿತು. ಅಂದಿನಿಂದ ವರ್ಷಕ್ಕೊಮ್ಮೆ ಹತ್ತು ದಿನ ರಜೆ, ಅದೇ ಎರಡು ಕೋಣೆ. ಅಪ್ಪನ ಹಳೆಯ ಮಂಚ ಕಿಟಕಿಯ ಪಕ್ಕದಿಂದ ಒಂದು ಗೇಣೂ ಸರಿದಿರಲಿಲ್ಲ. ಅಜ್ಜಿ ಹೋಗಿ ಎರಡು ವರ್ಷವಾದರೂ ಅವಳ ಕುರ್ಚಿ ಮಾತ್ರ ಅಲ್ಲೇ ಕೂತಿತ್ತು.

ಅಂಗಡಿಯ ಗೋಡೆಯೇ ಒಂದು ನೋಡುವಂಥ ವಸ್ತು. ನೆಲದಿಂದ ಸೂರಿನವರೆಗೆ ಸಾಲುಸಾಲು ಮೊಳೆ, ಒಂದೊಂದು ಮೊಳೆಗೆ ಒಬ್ಬೊಬ್ಬರ ಅಳತೆ. ಕಂದು ಕಾಗದದಲ್ಲಿ ಕತ್ತರಿಸಿದ ಮುಂಭಾಗ, ಬೆನ್ನು, ತೋಳು, ಮೂರನ್ನೂ ದಾರ ಪೋಣಿಸಿ ನೇತುಹಾಕಿರುತ್ತಿದ್ದರು. ಯಾರೇ ಹೊಸ ಕೋಟು ಬೇಕೆಂದು ಬಂದರೂ ಅತ್ತೆ ಅವರ ಮೊಳೆಯಿಂದ ಕಾಗದ ಇಳಿಸಿ ಬಟ್ಟೆಯ ಮೇಲೆ ಹಾಸುತ್ತಿದ್ದಳು. ಬ್ಯಾಂಕಿನ ಕಾವಲುಗಾರ, ಶಾಲೆಯ ಮೇಡಂ, ಹಲ್ಲಿನ ಡಾಕ್ಟರು, ಅರ್ಧ ಊರೇ ಆ ಗೋಡೆಯ ಮೇಲೆ ತಲೆಯಿಲ್ಲದೆ ನೇತಾಡುತ್ತಿತ್ತು.

ಇನ್ನೊಂದು ಆ ಅಂಗಡಿಯ ಟೇಪು. ಅಪ್ಪ ಹತ್ತು ವರ್ಷದವನಿದ್ದಾಗ ತಾತ ಹೊಸ ಕತ್ತರಿ ತಂದರಂತೆ, ಹರಿತ ಇದೆಯೋ ಇಲ್ಲವೋ ನೋಡೋಣವೆಂದು ಅಪ್ಪ ಅಳತೆ ಟೇಪಿನ ತುದಿಯನ್ನೇ ಕಚಕ್ಕೆನಿಸಿದನಂತೆ. ಮೊದಲ ಇಂಚು ಹೋಯಿತು. ತಾತ ಬೈಯಲಿಲ್ಲ, ಹೊಸ ಟೇಪೂ ತರಲಿಲ್ಲ. ಕತ್ತರಿಸಿದವನು ನೀನು, ಇನ್ನು ಮೇಲೆ ಒಂದೊಂದು ಅಳತೆಗೂ ಒಂದು ಇಂಚು ನೀನೇ ಕಳೆಯುತ್ತಾ ಕೂತಿರು ಎಂದರಂತೆ. ಕೊನೆಗೆ ಮನೆಯವರೆಲ್ಲರೂ ಕಳೆಯಲು ಕಲಿತರು. ಟೇಪಿನಲ್ಲಿ ಮೂವತ್ತೇಳು ಬಂದರೆ ಮೂವತ್ತಾರು. ಸೊಳ್ಳೆ ಶಾಲೆಯಲ್ಲಿ ಲೆಕ್ಕ ಕಲಿಯುವ ಮೊದಲೇ ಈ ಒಂದು ಲೆಕ್ಕ ಕಲಿತಿದ್ದಳು. ಈಗ ಖಾನೆಯಲ್ಲಿ ಹೊಸ ಟೇಪು ಎರಡಿದ್ದವು, ಆದರೆ ಕೈ ಹೋಗುತ್ತಿದ್ದುದು ಅಂಕಿ ಮಾಸಿದ ಆ ಹಳೆಯದಕ್ಕೇ.

ಕೆಳಗೆ ಅತ್ತೆ ಇಸ್ತ್ರಿ ಮಾಡುತ್ತಿದ್ದಳು. ಅಣ್ಣನ ಗಲ್ಲದ ಕಾಗದ ನೋಡಿದಳು, ಹಿಂದೆ ನಿಂತ ಸೊಳ್ಳೆಯನ್ನು ನೋಡಿದಳು, ವಿಷಯ ತಿಳಿಯಿತು. ಸೊಳ್ಳೆ ಕಾಲ್ಬೆರಳಲ್ಲಿ ನೆಲ ಕೆರೆದಳು.

ಅಪ್ಪ ಕೇಳಬೇಕಾದ್ದನ್ನೆಲ್ಲ ಕೇಳಿದ. ನಲವತ್ತೊಂಬತ್ತಕ್ಕೆ ಇದೆಲ್ಲ ಬೇಕಾ, ಊರವರು ಏನಂದಾರು, ಆ ಮೀಟರಿನವನು ಯಾರು, ಎತ್ತ, ಎಷ್ಟು ದಿನದಿಂದ. ಅತ್ತೆ ಇಸ್ತ್ರಿ ನಿಲ್ಲಿಸದೆ ಒಂದೊಂದಕ್ಕೂ ಉತ್ತರ ಕೊಟ್ಟಳು. ಬೇಕು. ಊರವರ ಅಳತೆ ತನ್ನ ಗೋಡೆಯ ಮೇಲಿದೆ, ಅವರು ಏನಂದಾರೆಂದು ತನಗೆ ಚೆನ್ನಾಗಿ ಗೊತ್ತು. ಮೀಟರಿನವರು ಹನ್ನೊಂದು ವರ್ಷದಿಂದ ಬರುತ್ತಿದ್ದಾರೆ. ತಿಂಗಳಿಗೊಮ್ಮೆ ಬರಬೇಕಾದವರು ಐದು ವರ್ಷದಿಂದ ಎರಡು ಸಲ ಬರುತ್ತಿದ್ದಾರೆ, ಎರಡು ವರ್ಷದಿಂದ ವಾರಕ್ಕೊಂದು ಸಲ. ಅಷ್ಟು ಬಾರಿ ನೋಡುವಂಥದ್ದು ಆ ಮೀಟರಿನಲ್ಲಿ ಏನೂ ಇಲ್ಲ.

ಸೊಳ್ಳೆಗೆ ನಗು ಒತ್ತರಿಸಿ ಬಂತು. ಅಪ್ಪನ ಮುಖ ನೋಡಿ ಅದನ್ನು ಕೆಮ್ಮಾಗಿ ಬದಲಾಯಿಸಿದಳು.

ಆಮೇಲೆ ಅತ್ತೆ ಇಸ್ತ್ರಿ ಪೆಟ್ಟಿಗೆ ಎತ್ತಿ ನಿಲ್ಲಿಸಿದಳು.

“ಅಣ್ಣ, ಮೂರು ಜನ ಸಾಕ್ಷಿ ಸಹಿ ಹಾಕ್ಬೇಕು. ಅವರ ಕಡೆ ಅವರ ಆಫೀಸಿನವರು ಇಬ್ಬರು ಬರ್ತಾರೆ. ನನ್ನ ಕಡೆ ನೀನು. ನೀವು ರಜಕ್ಕೆ ಬರ್ಲಿ ಅಂತಾನೇ ನಾನು ಮೂರು ತಿಂಗಳು ಕಾದಿದ್ದು.”

ಅಪ್ಪ ಗಲ್ಲದ ಕಾಗದ ಕಿತ್ತು ಉಂಡೆ ಮಾಡಿದ. “ಶುಕ್ರವಾರ ನಾನಿರಲ್ಲ,” ಎಂದ. ನೇರ ಬಸ್ ನಿಲ್ದಾಣಕ್ಕೆ ಹೋಗಿ, ಮುಂದಿನ ವಾರದ ಮೂರು ಟಿಕೆಟ್ಟನ್ನು ಶುಕ್ರವಾರ ಬೆಳಗ್ಗೆ ಒಂಬತ್ತು ಗಂಟೆಯ ಬಸ್ಸಿಗೆ ಬದಲಾಯಿಸಿಕೊಂಡು ಬಂದು, ಕಿಟಕಿಯ ಪಕ್ಕದ ಮಂಚದ ಮೇಲೆ ಗೋಡೆಯ ಕಡೆ ಮುಖ ಮಾಡಿ ಮಲಗಿದ.

ಅತ್ತೆ ಅಳಲಿಲ್ಲ. ಅಂಗಡಿಯ ಹಿಂದಿನ ಪೆಟ್ಟಿಗೆಯಿಂದ ಒಂದು ಬಟ್ಟೆ ತೆಗೆದಳು. ಕಡು ಹಸಿರು ಉಣ್ಣೆಬಟ್ಟೆ, ಯಾರಿಗೋ ದೊಡ್ಡ ಕೋಟು ಹೊಲಿದಾಗ ಮಿಕ್ಕಿದ್ದು, ಅವರೇ ನೀನೇ ಇಟ್ಟುಕೋ ಎಂದದ್ದು. ಆರು ವರ್ಷದಿಂದ ಮಡಿಸಿಟ್ಟ ಬಟ್ಟೆಯಿಂದ ಅವಳು ತನಗೆ ಕೋಟು ಹೊಲಿದುಕೊಳ್ಳುವವಳಿದ್ದಳು.

“ಅಪ್ಪ ಬರದೇ ಇದ್ರೆ?” ಸೊಳ್ಳೆ ಕೇಳಿದಳು.

“ಬರದೇ ಇದ್ರೂ ಹತ್ತು ಗಂಟೆಗೆ ನಾನು ಅಲ್ಲಿರ್ತೀನಿ. ಹತ್ತು ಅಂದ್ರೆ ಹತ್ತು.”

“ನಾನು ಸಹಿ ಹಾಕ್ತೀನತ್ತೆ. ನಂಗೆ ಹತ್ತೊಂಬತ್ತು. ಅವರಿಬ್ರೂ ಬೇಕಾದ್ರೆ ಬಸ್ಸಲ್ಲಿ ಹೋಗ್ಲಿ, ನಾನು ಸಂಜೆದಕ್ಕೆ ಹೋಗ್ತೀನಿ.”

ಅತ್ತೆ ಅವಳ ಕೆನ್ನೆ ಹಿಂಡಿದಳು. ನೀನು ಹಾಕಿದರೆ ಮದುವೆ ಆಗುತ್ತದೆ, ಆದರೆ ಅವನು ಹಾಕಿದರೆ ಚೆನ್ನಾಗಿರುತ್ತದೆ ಎಂದಳು. ಅಷ್ಟೇ ಸಾಕಾಯಿತು. ಅಪ್ಪನ ಸಹಿ ಹಾಕಿಸಿಯೇ ತೀರುವುದು ಎಂದು ಸೊಳ್ಳೆ ಅಲ್ಲೇ ಪಟ್ಟು ಹಿಡಿದಳು. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಹೊಲಿಯುವವಳಿಗೆ ತನ್ನ ಬೆನ್ನಿನ ಅಳತೆ ತಾನು ತೆಗೆಯಲು ಆಗುವುದಿಲ್ಲ. ಅಳತೆ ತೆಗೆಯುವ ಕೆಲಸ ಸೊಳ್ಳೆಯದಾಯಿತು. ಹಳೆಯ ಟೇಪು ಹಿಡಿದು ಎದೆ, ಸೊಂಟ, ತೋಳು ಎಲ್ಲ ಅಳೆದು ಮೊಬೈಲಿನಲ್ಲಿ ಒತ್ತಿಕೊಂಡಳು. ಮಧ್ಯೆ ಮಧ್ಯೆ ಕಚಗುಳಿಯಾಗಿ ಅತ್ತೆ ಕುಣಿದಾಡಿದಳು. ಇಷ್ಟು ವರ್ಷ ಬೇರೆಯವರು ಕೈ ಎತ್ತಿ ನಿಂತಿದ್ದನ್ನೇ ನೋಡಿದ್ದ ಹೆಂಗಸು, ತಾನೇ ಕೈ ಎತ್ತಿ ನಿಲ್ಲಬೇಕಾದಾಗ ಆರು ವರ್ಷದ ಮಗುವಿನ ಹಾಗೆ ನಾಚಿಕೊಂಡಳು. ಭುಜದ ಅಳತೆಯನ್ನು ಮಾತ್ರ ತನ್ನ ಹಳೆಯ ಜಾಕೆಟ್ಟು ಹಾಸಿ ತಾನೇ ಗುರುತು ಹಾಕಿಕೊಂಡಳು. ಬಟ್ಟೆ ಲೆಕ್ಕಕ್ಕೆ ಸರಿಯಾಗಿ ಇತ್ತು, ಒಳಗೆ ಮಡಿಚಿ ಬಿಡಲು ಹೆಚ್ಚೇನೂ ಉಳಿಯುವಂತಿರಲಿಲ್ಲ. ಮೊಬೈಲು ಎದುರಿಗಿಟ್ಟುಕೊಂಡು ಅತ್ತೆ ಸೀಮೆಸುಣ್ಣದಿಂದ ಗೆರೆ ಎಳೆದಳು, ಕತ್ತರಿಸಿದಳು.

ಬುಧವಾರವಿಡೀ ಮನೆ ಎರಡು ಮಹಡಿಯಾಗಿ ಒಡೆದಿತ್ತು. ಮೇಲೆ ಅಪ್ಪ ಮಾತು ಬಿಟ್ಟು ಮಲಗಿದ್ದ, ಕೆಳಗೆ ಮಿಷನ್ನಿನ ಸದ್ದು. ನಡುವೆ ಮೆಟ್ಟಿಲ ಮೇಲೆ ಟೀ ಹಿಡಿದು ಓಡಾಡುವವಳು ಸೊಳ್ಳೆ. ಪ್ರತಿ ಸಲ ಟೀ ಕೊಡುವಾಗಲೂ ಒಂದು ಮಾತು ಕುಟುಕಿಯೇ ಬರುತ್ತಿದ್ದಳು. ಮಾವ ಅಂತ ಕರೆಯಲು ತನಗೆ ಈವರೆಗೆ ಒಬ್ಬರೂ ಇರಲಿಲ್ಲ ಎಂದಳು. ಮಾವನ ಸೈಕಲ್ಲಿಗೆ ಎರಡು ಗಂಟೆಯಿದೆ ಎಂದಳು. ಮೂರನೇ ಸಲ ಅಪ್ಪ ಟೀಯನ್ನೇ ಬೇಡವೆಂದ. ಅಮ್ಮ ಯಾವ ಕಡೆಯೂ ಸೇರಲಿಲ್ಲ. ಆದರೆ ಶುಕ್ರವಾರ ಹೊರಡಬೇಕಾದವಳು ಒಂದು ಬಟ್ಟೆಯನ್ನೂ ಚೀಲಕ್ಕೆ ತುಂಬಿರಲಿಲ್ಲ. ಯಾಕೆ ಎಂದು ಅಪ್ಪ ಕೇಳಿದ್ದಕ್ಕೆ, ಒಗೆದದ್ದು ಒಣಗಿಲ್ಲ ರೀ ಎಂದಳು. ಹೊರಗೆ ಒಳ್ಳೆ ಬಿಸಿಲಿತ್ತು.

ಗುರುವಾರ ಮಧ್ಯಾಹ್ನ ಕೋಟನ್ನು ಹಾಕಿ ನೋಡುವ ಹೊತ್ತು ಬಂತು. ಕಾಜಾ ಇನ್ನೂ ಆಗಿರಲಿಲ್ಲ, ಗುಂಡಿ ತೂರಿಸುವ ಆ ತೂತುಗಳ ಕೆಲಸ ಯಾವಾಗಲೂ ಕೊನೆಗೆ. ಅಮ್ಮ ಕೆಳಗೆ ಬಂದಳು. ಅವಳ ಹಿಂದೆ, ಪೇಪರು ಹುಡುಕುವ ನೆಪ ಮಾಡಿಕೊಂಡು, ಅಪ್ಪನೂ ಬಂದು ಮೂಲೆಯ ಸ್ಟೂಲಿನ ಮೇಲೆ ಕೂತು ನಿನ್ನೆಯ ಪೇಪರನ್ನು ಮುಖಕ್ಕೆ ಹಿಡಿದ.

ಅತ್ತೆ ಕೋಟಿನೊಳಗೆ ಕೈ ತೂರಿಸಿದಳು. ಭುಜ ಚೆನ್ನಾಗಿ ಕೂತಿತು. ಆಮೇಲಿನದು ಯಾವುದೂ ಕೂರಲಿಲ್ಲ. ತೋಳು ಮಣಿಕಟ್ಟಿಗಿಂತ ಮೇಲೆ ನಿಂತಿತು, ಎದೆಯ ಮುಂದೆ ಎರಡು ಅಂಚೂ ಒಂದನ್ನೊಂದು ಮುಟ್ಟಿದವು, ಒಂದರ ಮೇಲೊಂದು ಬರಲಿಲ್ಲ. ಸೊಳ್ಳೆ ಎರಡೂ ಕಡೆ ಹಿಡಿದು ಎಳೆದು ಪಿನ್ನು ಚುಚ್ಚಿದಳು. ಅತ್ತೆ ಉಸಿರು ಬಿಡಲಾರದೆ ನಿಂತಳು.

ಇಪ್ಪತ್ತೆಂಟು ವರ್ಷ ಊರಿಗೆಲ್ಲ ಹೊಲಿದ ಕೈ. ಯಾರ ಬಟ್ಟೆಯೂ ಹೀಗೆ ಕೆಟ್ಟಿರಲಿಲ್ಲ. ಆದರೆ ಅತ್ತೆ ಹೇಳಿದ್ದು ಇಷ್ಟೇ, “ಪರವಾಗಿಲ್ಲ. ಸಹಿ ಹಾಕೋವರೆಗೆ ಉಸಿರು ಹಿಡ್ಕೊಂಡಿರ್ತೀನಿ.”

ತಾನು ಅಳೆದದ್ದೇ ತಪ್ಪಾಗಿದೆ ಎಂದುಕೊಂಡಳು ಸೊಳ್ಳೆ. ಮೊಬೈಲು ತೆಗೆದು ಬರೆದುಕೊಂಡದ್ದನ್ನು ಜೋರಾಗಿ ಓದಿದಳು. ಎದೆ ಮೂವತ್ತಾರು. ತೋಳು ಇಪ್ಪತ್ತೆರಡು.

ಪೇಪರಿನ ಹಿಂದಿನಿಂದ ಅಪ್ಪನ ದನಿ ಬಂತು.

“ಮೂವತ್ತಾರು ಅನ್ನೋದು ಟೇಪಲ್ಲಿ ಇದ್ದಿದ್ದಾ, ನೀನು ಕಳೆದಿದ್ದಾ?”

“ಕಳೆದಿದ್ದು. ಟೇಪಲ್ಲಿ ಮೂವತ್ತೇಳಿತ್ತು.”

ಪೇಪರು ಕೆಳಗಿಳಿಯಿತು. ಅಪ್ಪ ಮೂರು ದಿನದಲ್ಲಿ ಮೊದಲ ಸಲ ತಂಗಿಯ ಮುಖ ನೋಡಿದ. “ನೀನು?”

ಅತ್ತೆ ಬಾಯಿ ಮೇಲೆ ಕೈ ಇಟ್ಟುಕೊಂಡಳು. “ನಾನೂ ಕಳೆದೆ.”

ಅಮ್ಮನಿಗೆ ಎಲ್ಲರಿಗಿಂತ ಮೊದಲು ನಗು ಬಂತು. ಬೇರೆ ಯಾವ ಅಂಗಡಿಯಲ್ಲೂ ಆಗದ ತಪ್ಪು. ಕಳೆಯುವುದು ಗೊತ್ತಿಲ್ಲದವರು ಅಳೆದಿದ್ದರೆ ಸರಿಹೋಗುತ್ತಿತ್ತು, ಕಳೆಯುವುದು ಗೊತ್ತಿಲ್ಲದವರು ಕತ್ತರಿಸಿದ್ದರೂ ಸರಿಹೋಗುತ್ತಿತ್ತು. ಇಬ್ಬರೂ ಈ ಮನೆಯವರೇ ಆದದ್ದೇ ತೊಂದರೆ. ಅಪ್ಪ ನಗಬಾರದೆಂದು ತುಟಿ ಕಚ್ಚಿ ಹಿಡಿದ, ಆದರೆ ಭುಜ ಕುಲುಕತೊಡಗಿತು. ಎಲ್ಲಕ್ಕೂ ಮೂಲ ಹತ್ತು ವರ್ಷದ ಹುಡುಗನ ಕತ್ತರಿ ಎಂದು ಸೊಳ್ಳೆ ಗುಂಯ್ಗುಟ್ಟಿದ ಮೇಲಂತೂ ಸ್ಟೂಲು ಹಿಡಿದುಕೊಂಡು ನಕ್ಕ.

ನಕ್ಕು ಮುಗಿದ ಮೇಲೆ ಅವನಿಗೆ ತಾನು ಕೋಪದಲ್ಲಿದ್ದೇನೆಂದು ನೆನಪಾಯಿತು. ಎದ್ದು ನಿಂತ. ಹೊರಡುವ ಮೊದಲು, ಹಳೆಯ ಅಭ್ಯಾಸ, ಸರಿಯಾದ ಅಳತೆ ನೋಡಲು ಗೋಡೆಯ ಕಡೆ ಕೈ ಚಾಚಿದ.

“ನಿನ್ನ ಕಾಗದ ಎಲ್ಲಿದೆ?” ಎಂದ.

“ನನ್ನದಿಲ್ಲ.”

“ಇಲ್ಲ ಅಂದ್ರೆ?”

“ಇಲ್ಲ ಅಂದ್ರೆ ಇಲ್ಲ ಅಣ್ಣ. ನಂಗೆ ಮೊಳೆ ಹೊಡೆದಿಲ್ಲ. ನಾನು ಯಾವತ್ತೂ ನಂಗೆ ಅಂತ ಅಳತೆ ಇಟ್ಟು ಹೊಲ್ಕೊಂಡಿಲ್ಲ.”

ಅಪ್ಪ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದ. ಹಲ್ಲಿನ ಡಾಕ್ಟರಿದ್ದರು, ಬ್ಯಾಂಕಿನ ಕಾವಲುಗಾರನಿದ್ದ. ಮೊದಲ ಸಾಲಿನ ಮೊದಲ ಮೊಳೆಗೆ ಅಪ್ಪನದೇ ಕಾಗದ ನೇತಾಡುತ್ತಿತ್ತು, ಹನ್ನೊಂದು ವರ್ಷದಿಂದ ವರ್ಷಕ್ಕೆ ಹತ್ತು ದಿನ ಬರುವವನದು. ಹೊಟ್ಟೆ ಬೆಳೆದ ಹಾಗೆಲ್ಲ ಅದಕ್ಕೆ ಅತ್ತೆ ಪಕ್ಕದಲ್ಲಿ ಪಟ್ಟಿ ಅಂಟಿಸುತ್ತಾ ಬಂದಿದ್ದಳು. ಸೊಳ್ಳೆ ಅಪ್ಪನನ್ನೇ ನೋಡುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂದಿತ್ತು. ಹುಟ್ಟಿದಾಗಿನಿಂದ ಮೊದಲ ಸಲ ಅದನ್ನು ನುಂಗಿಕೊಂಡಳು.

ಅಪ್ಪ ಹೋಗಲಿಲ್ಲ. ಕೋಟನ್ನು ಬಿಚ್ಚಿಸಿ ಮೇಜಿನ ಮೇಲೆ ಹಾಸಿ, ಮಿಕ್ಕ ಬಟ್ಟೆಗಳ ಪೆಟ್ಟಿಗೆಯನ್ನು ನೆಲಕ್ಕೆ ಸುರಿದ. ಹಸಿರು ಒಂದು ಚೂರೂ ಇರಲಿಲ್ಲ. ಬೂದು ಬಣ್ಣದ ಒಂದು ತುಂಡು ಸಿಕ್ಕಿತು. ಎರಡೂ ಪಕ್ಕದ ಹೊಲಿಗೆ ಬಿಚ್ಚಿ ಒಂದೊಂದು ಪಟ್ಟಿ ಸೇರಿಸೋಣ, ತೋಳಿನ ತುದಿಗೂ ಅದನ್ನೇ ಹಾಕೋಣ, ಬೇಕೆಂದೇ ಹಾಗೆ ಹೊಲಿಸಿದ ಹಾಗೆ ಕಾಣುತ್ತದೆ ಎಂದ. ಅತ್ತೆ ಮಿಷನ್ನಿನ ಮುಂದೆ ಕೂತಳು. ಬಿಚ್ಚುವ ಕೆಲಸ ಅಮ್ಮನಿಗೆ, ಇಸ್ತ್ರಿ ಸೊಳ್ಳೆಗೆ. ನಾಲ್ಕು ಗಂಟೆಗೆ ಪಟ್ಟಿ ಕೂತಿತು, ಅತ್ತೆ ಉಸಿರು ಬಿಟ್ಟಳು.

ಉಳಿದದ್ದು ಐದು ಕಾಜಾ. ಅಷ್ಟು ದಪ್ಪ ಬಟ್ಟೆಗೆ ಮಿಷನ್ನಿನ ಕಾಜಾ ನಿಲ್ಲುವುದಿಲ್ಲ. ಹೊತ್ತಿಲ್ಲ, ಒಳಗಿನಿಂದ ಕೊಕ್ಕೆ ಹಾಕಿಕೊಳ್ಳುತ್ತೇನೆ ಎಂದಳು ಅತ್ತೆ. ಅಪ್ಪ ಅವಳು ಏನೋ ಕೆಟ್ಟ ಮಾತಾಡಿದಳೆಂಬಂತೆ ನೋಡಿದ. ಗೋದಾಮಿನ ಕಚೇರಿಗೆ ಹೋಗುವ ಮುಂಚೆ ಈ ಅಂಗಡಿಯಲ್ಲಿ ಕೈಕಾಜಾ ಹಾಕುತ್ತಿದ್ದವನು ಅವನು. ಪಕ್ಕದ ಊರಿನ ಟೈಲರುಗಳೂ ಕಾಜಾಕ್ಕೆ ಕೋಟು ಕಳಿಸುತ್ತಿದ್ದ ಕಾಲವದು.

ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ಮೊದಲ ಕಾಜಾ ಸೊಟ್ಟಗಾಯಿತು, ಬಿಚ್ಚಿ ಮತ್ತೆ ಹಾಕಿದ. ಎರಡನೆಯದು ಪರವಾಗಿಲ್ಲ. ಮೂರನೆಯದಕ್ಕೆ ಬರುವ ಹೊತ್ತಿಗೆ ಬೆರಳುಗಳಿಗೆ ಹಳೆಯದೆಲ್ಲ ನೆನಪಾದಂತಿತ್ತು. ತಲೆ ಎತ್ತದೆಯೇ ಅವನು ಮಾತಾಡಿದ.

“ಮುಂದಿನ ವರ್ಷ ರಜಕ್ಕೆ ನಾವು ಎಲ್ಲಿಗೆ ಬರೋದು?”

ಮೂರು ದಿನದ ಸಿಟ್ಟಿನ ಒಳಗೆ ಇದ್ದದ್ದು ಈ ಒಂದು ಪ್ರಶ್ನೆಯೇ ಎಂದು ಸೊಳ್ಳೆಗೆ ಆಗ ಗೊತ್ತಾಯಿತು. ವಯಸ್ಸೂ ಅಲ್ಲ, ಊರವರೂ ಅಲ್ಲ.

“ಇಲ್ಲಿಗೇ ಬಾ,” ಎಂದಳು ಅತ್ತೆ. “ಮಂಚ ಅಲ್ಲೇ ಇರುತ್ತೆ. ಆದ್ರೆ ಅಣ್ಣ, ಹತ್ತು ದಿನ ನೀನು ಬಂದು ನೋಡ್ಲಿ ಅಂತ ಉಳಿದ ದಿನ ನಾನು ಅಂಗಡಿ ಗಾಜಿನ ಹಿಂದಿನ ಬೊಂಬೆ ತರ ನಿಂತಿರಲ್ಲ. ನೀನು ಹೊರಟಾಗ ನಾನು ಹೋಗ್ಬೇಡ ಅಂದ್ನಾ?”

“ಅನ್ನಲಿಲ್ಲ.”

“ನಿನ್ನ ಚೀಲ ಬಸ್ಸಿಗೆ ಹತ್ತಿಸಿದ್ಯಾರು?”

ಅಪ್ಪ ನಾಲ್ಕನೇ ಕಾಜಾ ಶುರು ಮಾಡಿದ. ಅವನ ಮೂಗಿನ ತುದಿ ಕೆಂಪಗಾಗಿತ್ತು. ದಾರ ಕಚ್ಚುವ ನೆಪದಲ್ಲಿ ಮುಖವನ್ನು ಕೋಟಿನ ಹತ್ತಿರಕ್ಕೆ ಒಯ್ದ.

ಐದೂವರೆಗೆ ಹೊರಗೆ ಸೈಕಲ್ಲಿನ ಗಂಟೆ ಎರಡು ಸಲ ಆಯಿತು. ಮೀಟರಿನವರು ಬಂದರು. ಐವತ್ತು ದಾಟಿದ, ಎತ್ತರದ, ಕಿವಿಯ ಮೇಲೆ ಪೆನ್ಸಿಲ್ ಸಿಕ್ಕಿಸಿಕೊಂಡ ಮನುಷ್ಯ. ಅಂಗಡಿ ತುಂಬ ಜನ ಕಂಡು ಎಲ್ಲಿ ನಿಲ್ಲುವುದೆಂದು ತೋಚದೆ, ಬಾಗಿಲ ಪಕ್ಕದ ಮೀಟರಿನ ಮುಂದೆ ಹೋಗಿ ಬಗ್ಗಿ ಅದನ್ನೇ ನೋಡುತ್ತಾ ನಿಂತರು.

“ಮೊನ್ನೆಯಿಂದ ಜಾಸ್ತಿ ಓಡಿದೆಯಾ, ಮಾವ?” ಎಂದಳು ಸೊಳ್ಳೆ.

“ಓಡಿದೆ. ನಿಮ್ಮೆಲ್ಲರ ಟೀ ನೀರೂ ಸೇರಿದೆ,” ಎಂದರು ಅವರು, ಮೀಟರಿನಿಂದ ಕಣ್ಣು ತೆಗೆಯದೆ. ಅಮ್ಮ ಸೆರಗು ಬಾಯಿಗೊತ್ತಿಕೊಂಡಳು.

ಅಪ್ಪ ಐದನೇ ಕಾಜಾ ಮುಗಿಸಿ ದಾರ ಕತ್ತರಿಸಿದ. ಕೋಟನ್ನು ಝಾಡಿಸಿ ತಂಗಿಯ ಭುಜಕ್ಕೆ ಹಾಕಿದ, ತಾನೇ ಐದೂ ಗುಂಡಿ ಹಾಕಿ, ಕೊರಳಪಟ್ಟಿ ಎಳೆದು ಸರಿಮಾಡಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದ. ಹಸಿರಿನ ಪಕ್ಕ ಬೂದು ಪಟ್ಟಿ, ಯಾರೋ ಬುದ್ಧಿವಂತರು ಯೋಚಿಸಿ ಹೊಲಿದ ಹಾಗಿತ್ತು. ಮೀಟರಿನವರು ತಿರುಗಿ ನೋಡಿದವರು ಹಾಗೇ ನೋಡುತ್ತಾ ನಿಂತರು, ಕಿವಿಯ ಮೇಲಿನ ಪೆನ್ಸಿಲ್ ಜಾರಿ ಬಿದ್ದದ್ದೂ ಗೊತ್ತಾಗಲಿಲ್ಲ.

ಅಪ್ಪ ಬಗ್ಗಿ ಪೆನ್ಸಿಲ್ ಎತ್ತಿದ. ಅದನ್ನು ವಾಪಸು ಕೊಡಲಿಲ್ಲ. ಒಂದು ಕಂದು ಕಾಗದದ ತುಂಡಿನ ಮೇಲೆ ಎದೆ ಮೂವತ್ತಾರು, ತೋಳು ಇಪ್ಪತ್ತೆರಡು ಎಂದು ಬರೆದು, ಕೆಳಗೆ ‘ಕಳೆದಾಗಿದೆ’ ಎಂದು ದೊಡ್ಡದಾಗಿ ಬರೆದು, ಎರಡು ಗೆರೆ ಎಳೆದ. ಖಾನೆಯಿಂದ ಸುತ್ತಿಗೆ ತೆಗೆದು, ಮೊದಲ ಸಾಲಿನಲ್ಲಿ ತನ್ನ ಮೊಳೆಯ ಪಕ್ಕ ಇನ್ನೊಂದು ಮೊಳೆ ಹೊಡೆದ.

“ಕಚೇರಿ ಎಷ್ಟೊತ್ತಿಗೆ ತೆಗೀತಾರೆ?” ಎಂದು ಗೋಡೆಗೇ ಕೇಳಿದ.

ಹತ್ತಕ್ಕೆ ಎಂದರು ಮೀಟರಿನವರು.

“ಹತ್ತಕ್ಕೆ ಹೋದ್ರೆ ಸಾಲಲ್ಲಿ ನಿಲ್ಬೇಕಾಗುತ್ತೆ, ಭಾವ. ಒಂಬತ್ತೂವರೆಗೆ ಕಚೇರಿ ಮೆಟ್ಟಿಲ ಹತ್ರ ಇರಿ. ನಾನು ಇವಳನ್ನ ಕರ್ಕೊಂಡು ಬರ್ತೀನಿ.”

ಒಂಬತ್ತಕ್ಕೆ ಬಸ್ಸಿದೆಯಲ್ಲ ಎಂದು ಅಮ್ಮ ಏನೂ ಗೊತ್ತಿಲ್ಲದವಳ ಹಾಗೆ ನೆನಪು ಮಾಡಿದಳು. ಬಸ್ಸು ಅದರ ಪಾಡಿಗೆ ಹೋಗಲಿ ಎಂದ ಅಪ್ಪ, ಕಾಗದವನ್ನು ಮೊಳೆಗೆ ಸಿಕ್ಕಿಸುತ್ತಾ. ಆಮೇಲೆ ಸೊಳ್ಳೆಯ ಕಡೆ ತಿರುಗಿದ.

“ನೀನು ಒಂಬತ್ತಕ್ಕೇ ರೆಡಿಯಾಗಿರು. ನನ್ನ ಸಹಿಗೆ ಒಂದು ಪೆನ್ನು ತಗೋ. ಚೆನ್ನಾಗಿ ಬರೆಯೋದು.”